ಇಂಟರ್‌ಸೆಪ್ಟರ್‌ಗೆ ಹೊಸ ಹ್ಯಾಂಡಲ್: ಎತ್ತರಕ್ಕಿಂತ ಹಿಡಿಯ ಕೋನವೇ ಮುಖ್ಯ

ದೂರದ ಸವಾರಿಯಲ್ಲಿ ಬೆರಳುಗಳು ಜೋಮು ಹಿಡಿಯುತ್ತಿದ್ದುದರಿಂದ ನನ್ನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಗಾಡಿಗೆ ಬೇರೆ ಹ್ಯಾಂಡಲ್ ಹಾಕುತ್ತೇನೆಂದು ಹೇಳಿದಾಗ ದಾವಣಗೆರೆಯ ಸವಾರ ಮಿತ್ರರಲ್ಲಿ ಹೆಚ್ಚಿನವರು ಹ್ಯಾಂಡಲನ್ನು ಮೇಲಕ್ಕೆತ್ತುವ ಒಂದು ರೈಸರ್ ಹಾಕಿಸಿದರೆ ಸಾಕು, ಉಳಿದದ್ದೆಲ್ಲ ವ್ಯರ್ಥ ಖರ್ಚು ಎಂದರು. ನಾವು ಸದಾ ಗಾಡಿ ಬಿಡುವ ಗ್ಯಾರೇಜಿನ ಮೇಸ್ತ್ರಿಯವರು ಇನ್ನೂ ಮುಂದೆ ಹೋಗಿ, ಬೆರಳು ಜೋಮು ಹಿಡಿಯುವುದು ವಯಸ್ಸಿನಿಂದ, ಅದಕ್ಕೂ ಗಾಡಿಗೂ ಸಂಬಂಧವಿಲ್ಲ ಎಂದುಬಿಟ್ಟರು. ಈಗ ಅದೇ ಗಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಬೆಂಗಳೂರಿನವರೆಗಿನ ಸುಮಾರು 260 ಕಿ.ಮೀ.ಯನ್ನು ಒಂದೇ ಒಂದು ಚಹಾ ವಿರಾಮದಲ್ಲಿ ಮುಗಿಸುತ್ತೇನೆ, ಇಳಿದಾಗ ಎರಡೂ ಕೈಗಳ ಹತ್ತೂ ಬೆರಳುಗಳಲ್ಲಿ ಸ್ಪರ್ಶ ಸರಿಯಾಗಿರುತ್ತದೆ. ಆದ್ದರಿಂದ ಮಾಡಿದ್ದನ್ನು ಕ್ರಮವಾಗಿ ಬರೆದಿಡುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಕಂಪನಿಯ ಹ್ಯಾಂಡಲ್‌ನಲ್ಲಿ ದೋಷವೇನೂ ಇಲ್ಲ. ಅದು ಸರಾಸರಿ ಸವಾರನ ಅಳತೆಗೆ ಮಾಡಿದ್ದು, ನನಗಿಂತ ಎತ್ತರದ ಗೆಳೆಯರು ಅದರಲ್ಲೇ ಸುಖವಾಗಿ ಸಾವಿರಾರು ಕಿಲೋಮೀಟರ್ ಓಡಿಸಿದ್ದಾರೆ. ನನ್ನ ಎತ್ತರ ಐದಡಿ ಐದಂಗುಲ, ಭುಜ ಕಿರಿದು. ತುದಿಯಿಂದ ತುದಿಗೆ 80 ಸೆಂ.ಮೀ.ಗೆ ತುಸು ಕಡಿಮೆಯಿರುವ ಆ ಅಗಲವಾದ ಹ್ಯಾಂಡಲ್ ಹಿಡಿದಾಗ ನನ್ನ ಮೊಣಕೈಗಳು ನೇರವಾಗಿ ಬಿಗಿದುಕೊಳ್ಳುತ್ತಿದ್ದವು, ಮಣಿಕಟ್ಟು ಹೆಬ್ಬೆರಳಿನ ಕಡೆಗೆ ತಿರುಚಿಕೊಳ್ಳುತ್ತಿತ್ತು, ಮೈಭಾರವೆಲ್ಲ ಅಂಗೈಯ ಹೊರ ಅಂಚಿನ ಮೇಲೆ ಬೀಳುತ್ತಿತ್ತು. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವ ಅಲ್ನಾರ್ ನರ ಹಾದುಹೋಗುವುದು ಅದೇ ಅಂಚಿನಲ್ಲಿ. ನನಗೆ ಜೋಮು ಹಿಡಿಯುತ್ತಿದ್ದದ್ದೂ ನಿಖರವಾಗಿ ಆ ಒಂದೂವರೆ ಬೆರಳು ಮಾತ್ರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುವವರ ತೊಂದರೆ ಬೇರೆ ನರದ್ದು. ಅವರಿಗೆ ನನ್ನ ಮದ್ದು ಹಾಗೆಯೇ ಒಪ್ಪುತ್ತದೆಂದು ನಾನು ಹೇಳುವುದಿಲ್ಲ.

ಮೊದಲು ಎಲ್ಲರ ಮಾತಿನಂತೆ 25 ಮಿ.ಮೀ. ರೈಸರ್ ಹಾಕಿ ನೋಡಿದೆ. ಸುಮಾರು 1,800 ರೂಪಾಯಿ. ಬೆನ್ನಿಗೆ ಆರಾಮವಾಯಿತು, ಅದನ್ನು ಒಪ್ಪಬೇಕು. ಆದರೆ ಹಿರಿಯೂರು ದಾಟುವಷ್ಟರಲ್ಲಿ ಅದೇ ಬೆರಳುಗಳು ಮತ್ತೆ ಮರಗಟ್ಟಿದವು. ರೈಸರ್ ಹ್ಯಾಂಡಲನ್ನು ಇದ್ದ ಆಕಾರದಲ್ಲೇ ಮೇಲಕ್ಕೆತ್ತುತ್ತದೆ, ಹಿಡಿ ನಿಂತ ಕೋನ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಜೊತೆಗೆ ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಬಿಗಿದು, ಆಕ್ಸಿಲರೇಟರ್ ತಿರುಗಿಸದಿದ್ದರೂ ಎಂಜಿನ್ನಿನ ಐಡಲ್ ವೇಗ ಏರತೊಡಗಿತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಗಾಡಿ ತಾನಾಗಿ ರೇಸ್ ಆಗುವುದೆಂದರೆ ಅದು ಆಟದ ವಿಷಯವಲ್ಲ. ಮರುದಿನವೇ ರೈಸರ್ ಬಿಚ್ಚಿದೆ.

ಎರಡನೆಯ ಪ್ರಯತ್ನ ಹೆಚ್ಚು ದುಬಾರಿಯಾಯಿತು. ನಡುವೆ 28.6 ಮಿ.ಮೀ. ದಪ್ಪವಿದ್ದು ತುದಿಗಳಲ್ಲಿ 22 ಮಿ.ಮೀ.ಗೆ ಇಳಿಯುವ ಅಲ್ಯುಮಿನಿಯಂ ಹ್ಯಾಂಡಲ್ ಒಂದನ್ನು, ಅದಕ್ಕೆ ಬೇಕಾದ ಅಡಾಪ್ಟರ್ ಕ್ಲ್ಯಾಂಪುಗಳ ಸಹಿತ ತರಿಸಿದೆ. ಎರಡೂ ಸೇರಿ ಹತ್ತು ಸಾವಿರದ ಮೇಲಾಯಿತು. ನೋಡಲು ಚೆಂದ, ಹಗುರ, ಗಟ್ಟಿ. ಆದರೆ ಆ ಬಗೆಯ ಹ್ಯಾಂಡಲ್‌ಗಳಲ್ಲಿ ಬಹುಪಾಲು ನಿಂತು ಓಡಿಸುವ ಕಚ್ಚಾ ರಸ್ತೆಯ ಸವಾರಿಗೆ ಬಾಗಿಸಿದವು, ಹಿಡಿಗಳು ಹೆಚ್ಚುಕಡಿಮೆ ನೇರವಾಗಿರುತ್ತವೆ. ಕುಳಿತು ಓಡಿಸುವ ನನಗೆ ಮಣಿಕಟ್ಟಿನ ತಿರುಚು ಮೊದಲಿಗಿಂತ ಹೆಚ್ಚೇ ಆಯಿತು. ಅರ್ಧ ಬೆಲೆಗೆ ಮಾರಿದೆ. ಕೊಂಡವರು ಎತ್ತರದ ಸವಾರರು, ಅವರಿಗೆ ಅದು ಚೆನ್ನಾಗಿ ಒಗ್ಗಿದೆ ಎಂದು ಕೇಳಿದ್ದೇನೆ.

ಇಷ್ಟಾದ ಮೇಲೆ ಅಂಗಡಿಯ ಪಟ್ಟಿ ನೋಡುವುದನ್ನು ಬಿಟ್ಟು ನನ್ನ ಕೈಯನ್ನೇ ಅಳೆಯಲು ನಿರ್ಧರಿಸಿದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡಲ್ ಬಿಚ್ಚಿ ಟ್ಯಾಂಕಿನ ಮೇಲೆ ಕಂಬಳಿ ಹಾಸಿ ಮಲಗಿಸಿ, ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು ತೊಟ್ಟು ಕುಳಿತೆ. ಎರಡೂ ಮುಷ್ಟಿಗಳಲ್ಲಿ ಗೇಣುದ್ದದ ಪಿವಿಸಿ ಪೈಪಿನ ತುಂಡು ಹಿಡಿದು, ಕಣ್ಣು ಮುಚ್ಚಿ, ಭುಜ ಸಡಿಲಿಸಿ, ಕೈಗಳು ಎಲ್ಲಿ ನಿಲ್ಲುತ್ತವೋ ಅಲ್ಲಿ ನಿಲ್ಲಲು ಬಿಟ್ಟೆ. ಮಗ ಏಣಿ ಹತ್ತಿ ಮೇಲಿನಿಂದ ಫೋಟೊ ತೆಗೆದ, ಪಕ್ಕದಿಂದಲೂ ತೆಗೆದ. ಫೋಟೊದ ಮೇಲೆ ಕೋನಮಾಪಕ ಇಟ್ಟು ನೋಡಿದರೆ ನನ್ನ ಮುಷ್ಟಿಯ ತುಂಡುಗಳು ಹಿಂದಕ್ಕೆ ಹದಿನೆಂಟು ಡಿಗ್ರಿಯ ಆಸುಪಾಸು ವಾಲಿದ್ದವು. ಕಂಪನಿಯ ಹ್ಯಾಂಡಲನ್ನು ಹಾಗೆಯೇ ಅಳೆದಾಗ ಅದರ ಮುಕ್ಕಾಲು ಪಾಲೂ ಇರಲಿಲ್ಲ. ಎತ್ತರದ ವ್ಯತ್ಯಾಸವಾದರೋ ಒಂದೂವರೆ ಸೆಂಟಿಮೀಟರ್ ಮೀರಲಿಲ್ಲ. ಎಲ್ಲರೂ ಎತ್ತರ ಎತ್ತರ ಎನ್ನುತ್ತಿದ್ದಾಗ ತಪ್ಪಿದ್ದದ್ದು ಕೋನವಾಗಿತ್ತು. ಫೋಟೊ ತೆಗೆಯುವ ಮುನ್ನ ಮೈಯನ್ನು ನಿಜವಾಗಿಯೂ ಸಡಿಲಗೊಳಿಸಲು ನಾನು ಮಾಡುವ ಒಂದು ಕ್ರಮವಿದೆ. ಅದಿಲ್ಲದೆ ಅಳತೆ ಪ್ರತಿಸಲ ಬೇರೆ ಬರುತ್ತದೆ. ಅದನ್ನು ಮಾತ್ರ ಎದುರಿಗೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಅಳತೆ ಸಿಕ್ಕ ಮೇಲೆ ಅರ್ಧ ಅಂಗುಲದ ಜಿಐ ಪೈಪನ್ನು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬಾಗಿಸಿ ಒಂದು ನಕಲಿ ಹ್ಯಾಂಡಲ್ ಮಾಡಿಸಿದೆ. ಅದಕ್ಕೆ ನಾನ್ನೂರು ರೂಪಾಯಿಯೂ ಆಗಲಿಲ್ಲ. ಆ ಪೈಪಿನ ಹೊರವ್ಯಾಸ 21.3 ಮಿ.ಮೀ., ಹ್ಯಾಂಡಲ್‌ನದು 22.2 ಮಿ.ಮೀ.; ಕುಳಿತು ನೋಡುವುದಕ್ಕೆ ಅಷ್ಟು ಹತ್ತಿರ ಸಾಕು. ಆದರೆ ಕ್ಲ್ಯಾಂಪು ಅದನ್ನು ಭದ್ರವಾಗಿ ಹಿಡಿಯುವುದಿಲ್ಲ, ಆದ್ದರಿಂದ ಅದನ್ನು ಹಾಕಿಕೊಂಡು ಬೀದಿಯ ತುದಿಯವರೆಗೂ ಓಡಿಸಬಾರದು. ಸಂಜೆ ಹೊತ್ತು ಅರ್ಧ ಗಂಟೆ ಸುಮ್ಮನೆ ಅದನ್ನು ಹಿಡಿದು ಕೂರುತ್ತಿದ್ದೆ, ಮನೆಯವರು ವಿಚಿತ್ರವಾಗಿ ನೋಡಿದರೂ ಬಿಡಲಿಲ್ಲ. ಎರಡು ಬಾರಿ ಬಾಗು ತಿದ್ದಿಸಿದ ಮೇಲೆ ಕೈಗೆ ಹಿತವೆನಿಸಿತು. ಆ ನಕಲಿಯನ್ನು ಹೆಗಲಿಗೆ ಹಾಕಿಕೊಂಡೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿಯಲ್ಲಿದ್ದ ಒಂದೊಂದು ಹ್ಯಾಂಡಲನ್ನೂ ಅದರ ಪಕ್ಕಕ್ಕಿಟ್ಟು ಹೋಲಿಸಿದೆ. ಒಂಬೈನೂರು ರೂಪಾಯಿಯದೊಂದು ಆಕಾರದಲ್ಲಿ ತೀರ ಹತ್ತಿರವಿತ್ತು, ಆದರೆ ತುದಿಯಲ್ಲಿ ಇಣುಕಿದರೆ ಕೊಳವೆಯ ಗೋಡೆ ಕಾಗದದಷ್ಟು ತೆಳು. ಬಿದ್ದಾಗ ಮುರಿಯುವ ವಸ್ತುವನ್ನು ಯಾವ ಬೆಲೆಗೂ ಕೊಳ್ಳಬಾರದು. ಕೊನೆಗೆ ಸುಮಾರು 2,800 ರೂಪಾಯಿಗೆ 22 ಮಿ.ಮೀ.ನ ದಪ್ಪ ಗೋಡೆಯ ಉಕ್ಕಿನ ಟೂರಿಂಗ್ ಹ್ಯಾಂಡಲ್ ಸಿಕ್ಕಿತು. ಅಗಲ 74 ಸೆಂ.ಮೀ. ಇರಬೇಕು.

ಜೋಡಿಸುವ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಎರಡು ವಿಷಯಗಳನ್ನು ಮಾತ್ರ ಒತ್ತಿ ಹೇಳುತ್ತೇನೆ. ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಹೋಸ್ ಕಳಚದೆ, ಅದರ ಬ್ರೇಕ್ ಎಣ್ಣೆಯ ಡಬ್ಬಿ ನೆಟ್ಟಗಿರುವಂತೆ ಕಟ್ಟಿ ತೂಗಿಸಿದರೆ ಒಳಗೆ ಗಾಳಿ ಹೋಗುವುದಿಲ್ಲ. ಎಬಿಎಸ್ ಇರುವ ಗಾಡಿಯಲ್ಲಿ ಗಾಳಿ ಹೊಕ್ಕರೆ ಅದನ್ನು ಹೊರಹಾಕುವ ಬ್ಲೀಡಿಂಗ್ ಕೆಲಸ ಅರ್ಧ ದಿನ ತಿನ್ನುತ್ತದೆ. ಎರಡನೆಯದು, ಹ್ಯಾಂಡಲ್‌ನ ತೂತಿನಲ್ಲಿ ಕೂತು ಸ್ವಿಚ್ ಪೆಟ್ಟಿಗೆಯನ್ನು ತಿರುಗದಂತೆ ಹಿಡಿಯುವ, ಪೆಟ್ಟಿಗೆಯೊಳಗಿನ ಸಣ್ಣ ಗೂಟ. ಹಲವರು ಆ ಗೂಟವನ್ನು ಅರದಿಂದ ಉಜ್ಜಿ ತೆಗೆದುಬಿಡುತ್ತಾರೆ, ಅದು ಅಪಾಯಕರ. ಗೂಟವಿಲ್ಲದಿದ್ದರೆ ಆಕ್ಸಿಲರೇಟರ್ ಪೆಟ್ಟಿಗೆ ಮಧ್ಯ ರಸ್ತೆಯಲ್ಲಿ ಸುತ್ತು ತಿರುಗಬಹುದು. ನಾನು ಗಾಡಿಯ ಮೇಲೆ ಕುಳಿತು ಪೆಟ್ಟಿಗೆಗಳ ಕೋನ ಗೊತ್ತುಮಾಡಿ, ಟೇಪಿನ ಮೇಲೆ ಗುರುತು ಹಾಕಿ, ಪಂಚ್ ಹೊಡೆದು, ಮೊದಲು 3 ಮಿ.ಮೀ. ಬಿಟ್ಟಿನಿಂದ ಕೊರೆದು ಆಮೇಲೆ ಗೂಟದ ಅಳತೆಗೆ ಹಿಗ್ಗಿಸಿದೆ. ಕೊಳವೆಯ ಒಂದು ಗೋಡೆಯನ್ನು ಮಾತ್ರ ಕೊರೆಯಬೇಕು, ಆಚೆ ಬದಿಗೆ ತೂರಬಾರದು. ಕ್ಲಚ್ ಕೇಬಲ್ ಉದ್ದ ಸಾಲುವುದಿಲ್ಲವೆಂದು ಮೇಸ್ತ್ರಿಯವರು ಹೊಸದನ್ನು ತರಿಸಲು ಹೇಳಿದ್ದರು. ಹೆಡ್‌ಲೈಟಿನ ಹಿಂದೆ ಅದರ ದಾರಿಯನ್ನು ಸ್ವಲ್ಪ ಬದಲಿಸಿ ಹಳೆಯದರಲ್ಲೇ ಮುಗಿಸಿದೆ, ಹೇಗೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದಾಗ ಆರ್‌ಪಿಎಂ ಮುಳ್ಳು ಅಲುಗಲಿಲ್ಲ. ಬ್ರೇಕ್ ಹೋಸ್ ಎಲ್ಲಿಯೂ ಬಿಗಿಯಲಿಲ್ಲ.

ಈ ನಡುವೆ ನಡುಕದ ಬಗೆಗೂ ಒಂದಿಷ್ಟು ಪ್ರಯೋಗ ಮಾಡಿದೆ. 270 ಡಿಗ್ರಿ ಕ್ರ್ಯಾಂಕಿನ ಈ ಅವಳಿ ಸಿಲಿಂಡರ್ ಎಂಜಿನ್ ನಯವಾದದ್ದೇ, ಆದರೂ ನೂರು ದಾಟಿದ ಮೇಲೆ ಹಿಡಿಯಲ್ಲಿ ಸಣ್ಣ ಝೇಂಕಾರ ಬರುತ್ತಿತ್ತು. ಕೊಳವೆಯೊಳಗೆ ಒಣ ಮರಳು ತುಂಬಿ ನೋಡಿದೆ; ತುದಿಯ ರಬ್ಬರ್ ಮುಚ್ಚಳದಿಂದ ಸೋರಿ ಸ್ವಿಚ್ಚಿನೊಳಗೆ ಸೇರುವ ಭಯವಾಗಿ ಮೂರನೆಯ ದಿನ ಸುರಿದುಬಿಟ್ಟೆ. ಆಮೇಲೆ ಸೀಸದ ಗುಂಡುಗಳನ್ನು ಸಿಲಿಕೋನ್ ಸೀಲಂಟ್‌ನಲ್ಲಿ ಕಲಸಿ ತುಂಬಿದೆ, ತುದಿಗೆ ಲೇತ್‌ನಲ್ಲಿ ಹಿತ್ತಾಳೆಯ ಬಾರ್ ಎಂಡ್, ಅಂದರೆ ತುದಿಯ ತೂಕದ ಗುಂಡು, ಕಡೆಸಿದೆ. ಒಂದೊಂದೂ ಕಾಲು ಕಿಲೋದ ಹತ್ತಿರವಿದೆ, ಎರಡಕ್ಕೂ ಸೇರಿ 1,200 ರೂಪಾಯಿ. ಇದು ನಿಜಕ್ಕೂ ಫಲ ಕೊಟ್ಟಿತು, ಝೇಂಕಾರ ನೂರಹತ್ತರವರೆಗೂ ಬರುವುದಿಲ್ಲ. ಗ್ರಿಪ್ಪಿನ ಮೇಲೆ ಸ್ಪಂಜಿನ ಹೊದಿಕೆ ಹಾಕಿದ್ದು ಮಾತ್ರ ನಿಷ್ಪ್ರಯೋಜಕ. ಹಿಡಿ ದಪ್ಪವಾಗಿ, ಬಿಗಿಹಿಡಿದು ಮುಂಗೈ ನೋಯುತ್ತದೆ, ಮಳೆಯಲ್ಲಿ ನೀರು ಕುಡಿದು ಜಾರುತ್ತದೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಹದಿನೆಂಟು ಸಾವಿರದ ಹತ್ತಿರ, ಅದರಲ್ಲಿ ಮಾರಿ ವಾಪಸು ಬಂದದ್ದು ಐದು ಸಾವಿರ. ಈಗ ಗಾಡಿಯ ಮೇಲಿರುವ ಸಾಮಾನಿಗೆ ಮಾತ್ರ ಲೆಕ್ಕ ಹಾಕಿದರೆ ಐದು ಸಾವಿರವೂ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಟಿಗೆ ಮಿತಿ ಹಾಕುತ್ತದೆ, ವಿಮೆಯವರೂ ಅಪಘಾತವಾದಾಗ ಅದನ್ನೇ ಕೇಳುತ್ತಾರೆ. ಹಾಗಾಗಿ ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿದ್ದೇನೆ, ಹಳೆಯ ಹ್ಯಾಂಡಲನ್ನು ಎಣ್ಣೆ ಸವರಿ ಅಟ್ಟದ ಮೇಲಿಟ್ಟಿದ್ದೇನೆ.

ಕಿರಿದಾದ ಹ್ಯಾಂಡಲ್‌ನಿಂದ 200 ಕಿಲೋ ಮೀರಿದ ಈ ಗಾಡಿಯನ್ನು ಘಾಟಿಯಲ್ಲಿ ತಿರುಗಿಸಲು ಕಷ್ಟವಾಗುತ್ತದೆ ಎಂದು ಅನೇಕರು ಎಚ್ಚರಿಸಿದ್ದರು. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ ಹೋಗಿ, ಅದೇ ದಾರಿಯಲ್ಲಿ ಮರಳಿ ಹತ್ತಿ ಬಂದೆ. ನಿಂತಲ್ಲಿ ತಿರುಗಿಸುವಾಗ ತುಸು ಹೆಚ್ಚು ಬಲ ಬೇಕು, ಓಡುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಬದಲಾಗಿ ಬೇರೆ ಎರಡು ಪರಿಣಾಮಗಳು ಎದುರಾದವು. ಮೈ ನೆಟ್ಟಗಾದ ಕಾರಣ ತೊಂಬತ್ತರ ಮೇಲೆ ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಅದಕ್ಕೆ ಸಣ್ಣ ವೈಸರ್ ಹಾಕಿದ್ದೇನೆ, ಅರ್ಧದಷ್ಟು ತಡೆಯುತ್ತದೆ. ಕನ್ನಡಿಗಳು ಒಳಕ್ಕೆ ಬಂದು ಅವುಗಳಲ್ಲಿ ನನ್ನ ಮೊಣಕೈಯೇ ಕಾಣತೊಡಗಿತು. ಕನ್ನಡಿಯ ಕಾಂಡಕ್ಕೆ ಎರಡು ಅಂಗುಲದ ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಹಿಂದಿನ ಲಾರಿ ಪೂರ್ತಿ ಕಾಣುತ್ತದೆ. ಕ್ಲ್ಯಾಂಪಿನ ಬೋಲ್ಟುಗಳನ್ನು ಮೊದಲ ಐನೂರು ಕಿ.ಮೀ. ಆದ ಮೇಲೆ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿದೆ, ಒಂದು ಮಾತ್ರ ಕಾಲು ಸುತ್ತು ತೆಗೆದುಕೊಂಡಿತು, ಆಮೇಲೆ ಯಾವುದೂ ಸಡಿಲಾಗಿಲ್ಲ.