ಬೈಜಾಂಟೈನ್ ಹೊನ್ನು: ಮುಖ ಬಿಡಿ, ಕೈ ನೋಡಿ

ಬೈಜಾಂಟೈನ್ (ಪೂರ್ವ ರೋಮನ್) ಸಾಮ್ರಾಜ್ಯದ ಚಿನ್ನದ ನಾಣ್ಯ ‘ಸಾಲಿಡಸ್’ ಮೇಲಿನ ಮುಖ ನೋಡಿ ಚಕ್ರವರ್ತಿಯನ್ನು ಗುರುತಿಸಲು ಹೊರಟರೆ ಎಡವುವುದು ಖಚಿತ. 6ನೇ ಶತಮಾನದ ಟಂಕಸಾಲೆಗೆ ಮುಖಹೋಲಿಕೆ ಮುಖ್ಯವಾಗಿರಲಿಲ್ಲ, ಅಧಿಕಾರದ ಗುರುತು ಮುಖ್ಯವಾಗಿತ್ತು.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಉಜ್ಜಿ ತೊಳೆಯಬೇಡಿ, ಇಷ್ಟು ಶುದ್ಧ ಚಿನ್ನ ಮೆದು, ಗೀರು ಬಿದ್ದರೆ ಹೋಗದು.

ಮೊದಲು ತೂಕ. 4ನೇ ಶತಮಾನದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನಿಗದಿಪಡಿಸಿದ ಲೆಕ್ಕ ರೋಮನ್ ಪೌಂಡಿಗೆ 72 ನಾಣ್ಯ, ಅಂದರೆ ತಲಾ ಸುಮಾರು 4.5 ಗ್ರಾಂ. 4.4 ಬಂದರೆ ಚಿಂತೆಯಿಲ್ಲ. ಅದಕ್ಕೂ ಕಡಿಮೆಯಿದ್ದರೆ ಅಂಚು ಕತ್ತರಿಸಿದ್ದಾರೆಯೇ, ತೂತು ಕೊರೆದಿದ್ದಾರೆಯೇ ನೋಡಿ. ದಕ್ಷಿಣ ಭಾರತದಲ್ಲಿ ಸಿಕ್ಕ ಎಷ್ಟೋ ಸಾಲಿಡಸ್‌ಗಳಲ್ಲಿ ದೊರೆಯ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತುಗಳಿವೆ, ಆಭರಣವಾಗಿ ತೊಡಲು ಕೊರೆದವು. ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲೂ ಬೈಜಾಂಟೈನ್ ನಾಣ್ಯಗಳ ನಿಧಿ ಸಿಕ್ಕಿತ್ತು. ತೂತೂ ಇಲ್ಲ, ಅಂಚೂ ಸರಿಯಿದೆ, ಆದರೆ 3.7 ಗ್ರಾಂ ಮಾತ್ರ ಎಂದಾದರೆ ತಿರಸ್ಕರಿಸುವ ಅವಸರ ಬೇಡ. ಹಿಂಬದಿಯ ತಳದಲ್ಲಿ ಶುದ್ಧ ಚಿನ್ನದ ಗುರುತಾದ ‘ಒಬಿ’ (OB) ಜೊತೆ ರೋಮನ್ ಅಂಕಿ 20 (XX) ಇದ್ದರೆ ಅದು ಬೇಕೆಂದೇ ಹಗುರವಾಗಿ ಟಂಕಿಸಿದ್ದು.

ಈಗ 10 ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿದು, ಓರೆ ಬೆಳಕಿನಲ್ಲಿ ಕೈ ನೋಡಿ. ಜಸ್ಟಿನಿಯನ್‌ನ (527–565) ಆರಂಭದ ನಾಣ್ಯಗಳಲ್ಲಿ ಮುಖ ಸ್ವಲ್ಪ ಓರೆ, ಹೆಗಲ ಮೇಲೆ ಈಟಿ. 538ರ ಹೊತ್ತಿಗೆ ಮುಖ ನೇರವಾಗಿ ನಮ್ಮತ್ತ ತಿರುಗಿ, ಕೈಗೆ ಶಿಲುಬೆ ಹೊತ್ತ ಗೋಳ ಬರುತ್ತದೆ. ಮುಂದೆ 2ನೇ ಜಸ್ಟಿನಿಯನ್ ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟು ತಾನು ಹಿಂಬದಿಗೆ ಸರಿದ. ನಾಣ್ಯದ ಮೇಲೆ ಇದಕ್ಕಿಂತ ದಿಟ್ಟ ರಾಜಕೀಯ ಹೇಳಿಕೆ ಅಪರೂಪ.

ಹಿಂಬದಿ ನೋಡಲು ಮೇಲಿಂದ ಕೆಳಕ್ಕೆ ಮಗುಚಿ. ಸಾಮಾನ್ಯವಾಗಿ ಚಿತ್ರ ನೆಟ್ಟಗೆ ನಿಲ್ಲುತ್ತದೆ. ಜಸ್ಟಿನಿಯನ್‌ನ ನಾಣ್ಯದಲ್ಲಿ ನಮ್ಮತ್ತ ಮುಖಮಾಡಿ ನಿಂತ ದೇವದೂತ, ಅವನ ನಂತರದ 2ನೇ ಜಸ್ಟಿನ್‌ನದರಲ್ಲಿ ಪೀಠದ ಮೇಲೆ ಕುಳಿತ ನಗರದೇವತೆ, ಆಮೇಲಿನ 2ನೇ ಟೈಬೀರಿಯಸ್‌ನದರಲ್ಲಿ ಮೆಟ್ಟಿಲ ಮೇಲಿನ ಶಿಲುಬೆ. ಬರಹದ ಕೊನೆಯ ಗ್ರೀಕ್ ಅಕ್ಷರ ಟಂಕಸಾಲೆಯ ವಿಭಾಗದ ಸಂಖ್ಯೆ: ಆಲ್ಫಾ 1, ಅಯೋಟಾ 10. ತಳದ ‘ಕೊನೋಬ್’ (CONOB) ಎಂಬುದು ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಶುದ್ಧ ಚಿನ್ನದ ಮುದ್ರೆ. ಆದರೆ ಬೇರೆ ಊರಿನ ಟಂಕಸಾಲೆಗಳೂ ಅದನ್ನೇ ಒತ್ತುತ್ತಿದ್ದವು. ಅದೊಂದನ್ನೇ ನಂಬಿ ಊರು ಹೇಳಬೇಡಿ.

ಕೊನೆಗೆ ನಕಲಿಯ ಪರೀಕ್ಷೆ. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯ ಗುಳಿಗಳು, ಮೊಂಡಾದ ಅಕ್ಷರಗಳು ಅಚ್ಚೊತ್ತದೆ ಎರಕ ಹೊಯ್ದ ನಕಲಿಯ ಲಕ್ಷಣ. ಸಾಂದ್ರತೆಗೆ, ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತೆಳು ದಾರದಲ್ಲಿ ನಾಣ್ಯವನ್ನು ತಳಕ್ಕೆ ತಾಗದಂತೆ ಮುಳುಗಿಸಿ. ತಕ್ಕಡಿ ಆಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. 4.420 ಗ್ರಾಂ ನಾಣ್ಯಕ್ಕೆ ಅದು 0.230 ಎಂದು ತೋರಿಸಿದರೆ, 4.420ನ್ನು ಅದರಿಂದ ಭಾಗಿಸಿದಾಗ 19.2. ಶುದ್ಧ ಚಿನ್ನದ್ದು 19.3. ತಕ್ಕಡಿ 0.001 ಗ್ರಾಂವರೆಗೆ ತೋರಿಸಲೇಬೇಕು, 0.22, 0.23 ಎಂದಷ್ಟೇ ತೋರಿಸಿದರೆ ಉತ್ತರ 20ರಿಂದ 19ಕ್ಕೆ ಜಿಗಿಯುತ್ತದೆ. ಗುಳ್ಳೆ ಅಂಟಿದ್ದರೆ ಸಾಂದ್ರತೆ ಕಡಿಮೆ ಬರುತ್ತದೆ. ಟಂಗ್‌ಸ್ಟನ್‌ನ ಸಾಂದ್ರತೆಯೂ ಹೆಚ್ಚುಕಡಿಮೆ ಚಿನ್ನದಷ್ಟೇ, ಹಾಗಾಗಿ ಅದರ ಮೇಲೆ ಚಿನ್ನದ ಲೇಪವಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳದು.