ಕಲಬುರಗಿ ಬಿಸಿಲು, ಬೋರ್ ನೀರು, ಮಾಳಿಗೆ ಮೇಲಿನ ಪಲ್ಯ: ಮನೆ ಖರ್ಚು ಉಳಿಸುವುದು ಹೇಗೆ

ನೆಟ್‌ನಲ್ಲಿ ಓದಲು ಸಿಗುವ ಉಳಿತಾಯದ ಟಿಪ್ಸ್ ಜಾಸ್ತಿ ಎಲ್ಲಾ ತಂಪು ಊರಿನವರು ಬರೆದದ್ದು. ಬಟ್ಟೆ ಬಿಸಿಲಿಗೆ ಹಾಕಿ, ಟೊಮೆಟೊ ಹೊರಗೆ ಬುಟ್ಟಿಯಲ್ಲಿಡಿ, ಕುಂಡಗಳಿಗೆ ದಿನವಿಡೀ ಬಿಸಿಲು ಬೀಳಲಿ ಅಂತ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ನಮ್ಮೂರಲ್ಲಿ ಹಾಗೇ ಮಾಡಿದರೆ ಬಟ್ಟೆಯ ಬಣ್ಣ ಹೋಗುತ್ತದೆ, ಟೊಮೆಟೊ ಮೆತ್ತಗಾಗುತ್ತದೆ, ಗಿಡ ಮಧ್ಯಾಹ್ನದೊಳಗೆ ಬಾಡಿ ನೆಲಕ್ಕೆ ಬೀಳುತ್ತದೆ. ನಮ್ಮಲ್ಲಿ ಬಿಸಿಲು ಬೇಕಾದಷ್ಟಿದೆ. ನೀರು ಕಡಿಮೆ, ಇರುವ ನೀರೂ ಗಡಸು. ಯಾವುದು ಬಿಸಿಲಿಗೆ, ಯಾವುದು ನೆರಳಿಗೆ, ಯಾವ ನೀರು ಯಾವುದಕ್ಕೆ ಅಂತ ಗೊತ್ತಿದ್ದರೆ ಸೋಪಿನ ಖರ್ಚೂ ಇಳಿಯುತ್ತದೆ, ಕಾಯಿಪಲ್ಯ ಕೆಡುವುದೂ ನಿಲ್ಲುತ್ತದೆ.

ಬಟ್ಟೆಯಿಂದಲೇ ಶುರು ಮಾಡೋಣ, ಏಕೆಂದರೆ ದುಡ್ಡು ಸುಮ್ನೆ ಪೋಲಾಗುವುದು ಅಲ್ಲೇ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ನೆಲದಡಿ ಸುಣ್ಣದ ಕಲ್ಲಿದೆ. ಮನೆಗೆ ಹಾಸುವ ಶಹಾಬಾದ್ ಪರ್ಸಿ ಅದೇ ಕಲ್ಲು, ಆ ಭಾಗಕ್ಕೆ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಅದಕ್ಕೇ. ಅಂಥ ಕಡೆ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ಬಂದಿರುತ್ತದೆ. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲ್‌ಗೆ ಬೆಳ್ಳಗೆ ಕಟ್ಟಿಕೊಳ್ಳುವುದು ಅದೇ. ಸೋಪು ಹಾಕಿದರೆ ಮೊದಲು ಈ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಆಗುತ್ತದೆ, ಉಳಿದದ್ದು ಮಾತ್ರ ಕೊಳೆ ತೆಗೆಯುತ್ತದೆ. ನೊರೆ ಬರಲಿಲ್ಲ ಅಂತ ನಾವು ಇನ್ನೂ ಸೋಪು ಹಾಕುತ್ತೇವೆ. ಪೌಡರ್ ಸೋಪಿನಷ್ಟು ಗಸಿ ಕಟ್ಟುವುದಿಲ್ಲ, ಆದರೆ ಗಡಸು ನೀರಿನಲ್ಲಿ ಅದರ ಶಕ್ತಿಯೂ ಕುಗ್ಗುತ್ತದೆ.

ನಿಮ್ಮ ನೀರು ಹೇಗಿದೆ ಅಂತ ಮನೆಯಲ್ಲೇ ನೋಡಬಹುದು. ಎರಡು ಖಾಲಿ ಬಾಟಲಿ ತಗೊಳ್ಳಿ, ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ನಳದ ನೀರು ಅಥವಾ ಮಳೆ ನೀರು ಅರ್ಧ ತುಂಬಿಸಿ, ಎರಡಕ್ಕೂ ಬಟ್ಟೆ ಸೋಪನ್ನು ಅಷ್ಟಷ್ಟೇ ತುರಿದು ಹಾಕಿ ಜೋರಾಗಿ ಅಲುಗಾಡಿಸಿ. ಎಲ್ಲಿ ನೊರೆ ನಿಲ್ಲದೆ ನೀರು ಹಾಲಿನಂತೆ ಬೆಳ್ಳಗಾಗುತ್ತದೋ ಅದು ಗಡಸು.

ಇದಕ್ಕೆ ಅಗ್ಗದ ಮದ್ದು ವಾಷಿಂಗ್ ಸೋಡಾ. ಕಿರಾಣಿ ಅಂಗಡಿಯಲ್ಲಿ ಬಟ್ಟೆ ಸೋಡಾ ಅಂತ ಕೇಳಿದರೆ ಸಿಗುತ್ತದೆ. ಅಡುಗೆ ಸೋಡಾ ಬೇರೆ, ಅದು ಇಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಒಂದು ಬಕೆಟ್ ನೀರಿಗೆ ಒಂದು ಚಮಚ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ, ಸ್ವಲ್ಪ ಹೊತ್ತು ಬಿಡಿ. ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ. ಮೇಲಿನ ನೀರು ತೆಗೆದು ಅದರಲ್ಲಿ ಪೌಡರ್ ಹಾಕಿ ಬಟ್ಟೆ ನೆನೆಸಿ, ಮೊದಲಿಗಿಂತ ಕಡಿಮೆ ಪೌಡರ್ ಸಾಕಾಗುವುದು ಕಣ್ಣಿಗೇ ಕಾಣುತ್ತದೆ. ರೇಷ್ಮೆಗೆ, ಉಣ್ಣೆಗೆ ಸೋಡಾ ಬೇಡವೇ ಬೇಡ. ಕೈಯಲ್ಲಿ ತೊಳೆಯುವವರು ಗ್ಲೌಸ್ ಹಾಕಿಕೊಳ್ಳಿ, ಚರ್ಮ ಒಡೆಯುತ್ತದೆ. ಟವೆಲ್ ಹಲಗೆಯಂತೆ ಗಟ್ಟಿಯಾಗಿದ್ದರೆ ಕೊನೆಯ ಸಲ ಜಾಲಿಸುವ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವಿನೆಗರ್ ಅಥವಾ ಸಂಡಾಸ್ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಜೊತೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಒಣಗಿಸುವುದು. ಬಿಳಿ ಬಟ್ಟೆ, ಹಾಸಿಗೆ ಚಾದರ, ಟವೆಲ್, ಕೂಸಿನ ಬಟ್ಟೆ ಇವೆಲ್ಲ ನೆತ್ತಿ ಬಿಸಿಲಿಗೇ ಹೋಗಲಿ, ಅದಕ್ಕಿಂತ ಒಳ್ಳೆ ಬ್ಲೀಚ್ ಇಲ್ಲ. ಬಣ್ಣದ ಬಟ್ಟೆಯನ್ನು ಮಾತ್ರ ತಿರುವಿ ನೆರಳಲ್ಲಿ ಹಾಕಿ. ಬೇಸಿಗೆಯಲ್ಲಿ ನಮ್ಮ ಗಾಳಿ ಎಷ್ಟು ಒಣ ಅಂದರೆ ವರಾಂಡದಲ್ಲೂ ಬೇಗ ಒಣಗುತ್ತದೆ, ಹೀಗಿರುವಾಗ ಬಿಸಿಲಿಗೆ ಹಾಕಿ ಬಣ್ಣ ಕಳೆಯುವುದು ಯಾಕೆ? ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಹಗ್ಗದ ಮೇಲೇ ಬಿಡಬೇಡಿ, ಬಿಸಿಲಿಗೆ ಪುಡಿಪುಡಿ ಆಗುತ್ತವೆ. ಕೂಲರ್ ಇರುವ ಕೋಣೆಯಲ್ಲಿ ಬಟ್ಟೆ ಹಾಕಿದರೆ ಒಣಗುವುದಿಲ್ಲ, ಅಲ್ಲಿ ಗಾಳಿ ಆಗಲೇ ತೇವ ಹಿಡಿದಿರುತ್ತದೆ.

ಅರಿಶಿಣದ ಕಲೆ ಬಗ್ಗೆ ತುಂಬಾ ಜನ ಗಾಬರಿ ಆಗುತ್ತಾರೆ. ಸೋಪು ತಾಗಿದ ತಕ್ಷಣ ಕೆಂಪಾಗುತ್ತದೆ ಅಲ್ವಾ, ಕಲೆ ಹೆಚ್ಚಾಯಿತು ಅಂತ ಮತ್ತೆ ಮತ್ತೆ ಉಜ್ಜುತ್ತಾರೆ, ಬಟ್ಟೆ ಸವೆಯುತ್ತದೆ. ಸೋಪಿನ ಕ್ಷಾರಕ್ಕೆ ಅರಿಶಿಣ ಕೆಂಪಾಗುವುದು ಅದರ ಗುಣ, ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿ ಕಲೆಯನ್ನು ಬಟ್ಟೆ ಹಸಿ ಇದ್ದಾಗಲೇ ಬಿಸಿಲಿಗೆ ಹಿಡಿದಂತೆ ಹಾಕಿ, ಅರಿಶಿಣದ ಬಣ್ಣ ಬೆಳಕಿಗೆ ತಡೆಯುವುದಿಲ್ಲ, ದಿನ ಕಳೆದಂತೆ ಮಾಸುತ್ತದೆ. ಎಣ್ಣೆ ಬಿದ್ದರೆ ಜೋಳದ ಹಿಟ್ಟು ಉದುರಿಸಿ, ಹೀರಿಕೊಂಡ ಮೇಲೆ ಕೊಡವಿ ತೊಳೆಯಿರಿ. ರಕ್ತದ ಕಲೆಗೆ ತಣ್ಣೀರು ಮಾತ್ರ.

ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲಬೇಡಿ. ಮುಂದಿನ ಗಂಟಿನ ಬಟ್ಟೆ ನೆನೆಸಲು, ಕಾಲೊರೆಸುವ ಚಾಪೆ ತೊಳೆಯಲು, ಸಂಡಾಸಿಗೆ, ಅಂಗಳಕ್ಕೆ ಬರುತ್ತದೆ. ತಿನ್ನುವ ಪಲ್ಯದ ಕುಂಡಕ್ಕೆ ಮಾತ್ರ ಹಾಕಬೇಡಿ. ಪೌಡರಿನಲ್ಲಿರುವ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ನಮ್ಮ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮೊದಲೇ ಬಿಗಿ.

ಇನ್ನು ಕಾಯಿಪಲ್ಯ. ಸಂಜೆ ಹೊತ್ತು ಕಣ್ಣಿ ಮಾರ್ಕೆಟ್ಟಿಗೆ ಹೋದರೆ ತಪ್ಪಲು ಪಲ್ಯ (ಸೊಪ್ಪು) ಅಗ್ಗಕ್ಕೆ ಸಿಗುತ್ತದೆ ಅಂತ ಹೊರೆ ತರುತ್ತೇವೆ, ಆದರೆ ಮರುದಿನ ಅರ್ಧ ಬಾಡಿದರೆ ಅಗ್ಗ ಎಲ್ಲಿಂದ ಬಂತು? ಬೇಸಿಗೆಗೆ ಗಡಿಗೆಯೊಳಗೆ ಗಡಿಗೆ ಇಡುವ ಪದ್ಧತಿ ಮಾಡಿ ನೋಡಿ, ನಮ್ಮಂಥ ಒಣ ಊರಿಗೆ ಹೇಳಿ ಮಾಡಿಸಿದ್ದು ಇದು. ದೊಡ್ಡ ಮಣ್ಣಿನ ಗಡಿಗೆ ಒಂದು, ಅದರೊಳಗೆ ಕೂರುವ ಸಣ್ಣದು ಒಂದು, ಎರಡಕ್ಕೂ ಬಣ್ಣ ಹಚ್ಚಿರಬಾರದು. ದೊಡ್ಡದರ ತಳಕ್ಕೆ ಮರಳು ಹಾಕಿ ಸಣ್ಣದನ್ನು ಕೂರಿಸಿ, ಸುತ್ತ ಎರಡು ಬೆರಳು ಸಂದು ಬಿಟ್ಟು ಅದಕ್ಕೂ ಮರಳು ತುಂಬಿ. ಬೆಳಿಗ್ಗೆ, ಸಂಜೆ ಮರಳಿಗೆ ನೀರು ಕುಡಿಸಿ. ಒಳಗೆ ಕಾಯಿ ಇಟ್ಟು ಬಾಯಿಗೆ ಹಸಿ ಬಟ್ಟೆ ಮುಚ್ಚಿ, ಗಾಳಿ ಆಡುವ ನೆರಳಲ್ಲಿ ಇಡಿ. ನೀರು ಆವಿಯಾಗುತ್ತಾ ಒಳಗಿನ ಕಾವು ಎಳೆದುಕೊಂಡು ಹೋಗುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. ಬದನೆಕಾಯಿ, ಬೆಂಡೆ, ಗಜ್ಜರಿ, ಟೊಮೆಟೊ, ಹಸಿ ಮೆಣಸಿನಕಾಯಿ ಚೆನ್ನಾಗಿ ಇರುತ್ತವೆ, ಕರೆಂಟ್ ಹೋದರೂ ಚಿಂತೆ ಇಲ್ಲ. ಇದೇ ತತ್ವದ ಮೇಲೆ ದೆಹಲಿಯ ಪೂಸಾದ ಕೃಷಿ ಸಂಶೋಧನಾ ಸಂಸ್ಥೆ ಇಟ್ಟಿಗೆ, ಮರಳಿನ ತಂಪು ಪೆಟ್ಟಿಗೆ ಮಾಡಿತ್ತು, ಹೊಲದ ಮನೆಯವರು ಅದನ್ನು ದೊಡ್ಡದಾಗಿಯೇ ಕಟ್ಟಿಕೊಳ್ಳಬಹುದು. ಮಳೆಗಾಲದಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ, ಗಾಳಿಯೇ ತೇವ ಇರುತ್ತದೆ. ಮತ್ತೆ ಬೋರ್ ನೀರು ಹಾಕಿ ಹಾಕಿ ಗಡಿಗೆಯ ಹೊರಗೆ ಬಿಳಿ ಉಪ್ಪು ಕಟ್ಟಿದರೆ ರಂಧ್ರ ಮುಚ್ಚುತ್ತವೆ, ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಅದರಲ್ಲಿ ಬೇಡ, ತೇವಕ್ಕೆ ಕೊಳೆಯುತ್ತವೆ. ಅವಕ್ಕೆ ಗಾಳಿಯಾಡುವ ಬುಟ್ಟಿ, ಆಲೂಗಡ್ಡೆ ಪಕ್ಕದಲ್ಲಿ ಇಡದಿದ್ದರೆ ಎರಡೂ ಜಾಸ್ತಿ ದಿನ ಬಾಳುತ್ತವೆ. ಕೊತ್ತಂಬರಿ, ಮೆಂತ್ಯವನ್ನು ತಂದ ಕೂಡಲೇ ತೊಳೆಯಬೇಡಿ. ದಾರ ಬಿಚ್ಚಿ, ಕೊಳೆತ ಎಲೆ ಆರಿಸಿ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿಗೆ ಇಡಿ. ಹಸಿ ಮೆಣಸಿನಕಾಯಿ ತೊಟ್ಟು ಮುರಿದು ಇಡಿ. ಬಾಳೆಹಣ್ಣು ಪಲ್ಯದ ಹತ್ತಿರ ಬೇಡ, ಅದರಿಂದ ಬರುವ ಎಥಿಲೀನ್ ಗಾಳಿಗೆ ಎಲೆ ಬೇಗ ಹಳದಿಯಾಗುತ್ತದೆ.

ಅಗ್ಗ ಇದ್ದಾಗ ಜಾಸ್ತಿ ತಂದು ಒಣಗಿಸುವುದನ್ನು ನಮ್ಮ ಹಿರಿಯರು ಬಿಟ್ಟಿರಲಿಲ್ಲ, ನಾವೂ ಬಿಡಬಾರದು. ಚವಳಿಕಾಯಿ, ಬದನೆ ಹೋಳು, ಮೆಂತ್ಯ ಸೊಪ್ಪು, ಮಜ್ಜಿಗೆ ಮೆಣಸಿನಕಾಯಿ. ಕಾಯಿಯನ್ನು ಉಪ್ಪು ನೀರಿನಲ್ಲಿ ಒಂದು ಕುದಿ ಬರಿಸಿ ಬಿಸಿಲಿಗೆ ಹಾಕಿ, ಸೊಪ್ಪನ್ನು ನೆರಳಲ್ಲಿ ಒಣಗಿಸಿ. ಮುರಿದರೆ ಟಕ್ಕನೆ ಸದ್ದಾಗಬೇಕು, ಬಾಗಿದರೆ ಇನ್ನೂ ನೀರಿದೆ, ಬೂಸು ಹಿಡಿಯುತ್ತದೆ. ವರ್ಷದ ತೊಗರಿ ಬೇಳೆ ತರುವವರು ಬಿಸಿಲಲ್ಲಿ ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಅಂಗೈಗೆ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ಬೇಳೆಗೆ ಸವರಿ ಡಬ್ಬಿ ತುಂಬಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವೆತು ಕೆಡುತ್ತದೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕ ನಮ್ಮ ತೊಗರಿಯನ್ನು ಹುಳಕ್ಕೆ ಬಿಟ್ಟುಕೊಡಬಾರದು.

ಮಾಳಿಗೆ ಮೇಲೆ ಪಲ್ಯ ಬೆಳೆಯುವುದಕ್ಕೆ ಕುಂಡ ಕೊಳ್ಳುವ ಅಗತ್ಯವೇ ಇಲ್ಲ. ಎಣ್ಣೆ ಡಬ್ಬಿ, ಒಡೆದ ಬಕೆಟ್, ಸಿಮೆಂಟ್ ಚೀಲ ಎಲ್ಲವೂ ಆಗುತ್ತದೆ, ತಳಕ್ಕೆ ನಾಲ್ಕೈದು ತೂತು ಇರಬೇಕು ಅಷ್ಟೇ. ಹಾಗೇ ಸ್ಲ್ಯಾಬಿನ ಮೇಲೆ ಇಡಬೇಡಿ, ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಕಪ್ಪು ಬಕೆಟ್ಟಿಗೆ ಹೊರಗೆ ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಬೇರು ಬೇಯುತ್ತದೆ.

ಬರೀ ಎರೆ ಮಣ್ಣು ತುಂಬಿದರೆ ಹಸಿ ಇದ್ದಾಗ ಉಬ್ಬಿ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಒಂದು ಪಾಲು ಎರೆ ಮಣ್ಣು, ಒಂದು ಪಾಲು ಹಳೇ ತಿಪ್ಪೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ. ಬೀದರ್ ಕಡೆಯವರಿಗೆ ಕೆಂಪು ಮಣ್ಣು ಸಿಗುತ್ತದೆ, ನೀರು ಬೇಗ ಇಳಿಯುವ ಮಣ್ಣದು, ಗೊಬ್ಬರ ಇನ್ನಷ್ಟು ಹಾಕಿ ಮರಳು ಬಿಡಬಹುದು. ಮೇಲೆ ಶೇಂಗಾ ಸಿಪ್ಪೆಯನ್ನು ಎರಡು ಬೆರಳು ದಪ್ಪ ಹರಡಿ. ಹಿಂಡಿ (ಚಟ್ನಿಪುಡಿ) ಕುಟ್ಟುವ ಮನೆಯಲ್ಲಿ ಶೇಂಗಾ ಸಿಪ್ಪೆಗೆ ಬರವೇ? ಮಣ್ಣು ತಂಪಿರುತ್ತದೆ, ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಳೇ ಕಾಟನ್ ಸೀರೆ ಅಡ್ಡ ಕಟ್ಟಿ, ಬೆಳಗಿನ ಬಿಸಿಲು ಬೀಳಲಿ.

ನೀರು ಬೆಳಿಗ್ಗೆ ಬೇಗ ಹಾಕಿ. ಬೇಳೆ, ಅಕ್ಕಿ, ಪಲ್ಯ ತೊಳೆದ ನೀರು ಕುಂಡಕ್ಕೆ ಒಳ್ಳೆಯದು. ಕೂಲರ್ ಟ್ಯಾಂಕಿನ ನೀರು ಬೇಡ. ನೀರು ಆವಿಯಾಗಿ ಹೋಗಿ ಉಪ್ಪೆಲ್ಲ ತಳದಲ್ಲೇ ಉಳಿದಿರುತ್ತದೆ, ಅದನ್ನು ಸಂಡಾಸಿಗೆ ಸುರಿಯಿರಿ. ವಾರಕ್ಕೊಮ್ಮೆಯಾದರೂ ಖಾಲಿ ಮಾಡಿ ತಿಕ್ಕಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ದೊಡ್ಡ ಡಬ್ಬಿಯಲ್ಲಿ ಒಂದು ಸಣ್ಣ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ ಅದು ನಿಧಾನ ಒಸರುತ್ತದೆ, ಊರಿಗೆ ಹೋಗುವಾಗ ಬಹಳ ಅನುಕೂಲ.

ಬೇಸಿಗೆಗೆ ಪುಂಡಿ, ರಾಜಗಿರಿ, ಬಸಳೆ, ಚವಳಿಕಾಯಿ ಹಾಕಿ, ಇವು ಕಾವು ತಡೆಯುತ್ತವೆ. ಕೊತ್ತಂಬರಿಯನ್ನು ಏಪ್ರಿಲ್‌ನಲ್ಲಿ ಹಾಕಿದರೆ ಎಲೆ ಬರುವ ಮೊದಲೇ ಹೂ ಬಿಡುತ್ತದೆ, ಟೊಮೆಟೊ ಹೂ ಉದುರಿಸುತ್ತದೆ. ಇವೆರಡನ್ನೂ ಮಳೆ ಕಡಿಮೆಯಾದ ಮೇಲೆ, ಚಳಿಗಾಲಕ್ಕೆ ಇಟ್ಟುಕೊಳ್ಳಿ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಮೆಂತ್ಯಕ್ಕೆ ಅಡುಗೆ ಮನೆಯ ಕಾಳೇ ಸಾಕು, ಒಂದು ರಾತ್ರಿ ನೆನೆಸಿ ಉದುರಿಸಿದರೆ ತಿಂಗಳೊಳಗೆ ಪಲ್ಯ ಕೈಗೆ ಬರುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಬಹುತೇಕ ಕಬ್ಬಿಣದ ಕೊರತೆ, ಗಡಸು ನೀರು ಕುಡಿದ ಮಣ್ಣಿನಲ್ಲಿ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಇದಕ್ಕೆ ಮಳೆ ನೀರೇ ಒಳ್ಳೆಯದು. ಜೂನ್‌ನಲ್ಲಿ ಮಳೆ ಹಿಡಿದಾಗ ಕುಂಡಗಳನ್ನು ಬಯಲಿಗೆ ತಂದಿಟ್ಟು, ತಳದ ತೂತು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ, ನೀರು ಮೇಲಿಂದ ಕೆಳಗೆ ಧಾರಾಳ ಹರಿಯಲಿ. ಬೇಸಿಗೆಯ ಉಪ್ಪು ತೊಳೆದು ಹೋದ ಮೇಲೆ ಮೇಲ್ಮಣ್ಣು ಸಡಿಲಿಸಿ, ಎರಡು ಹಿಡಿ ಗೊಬ್ಬರ ಬೆರೆಸಿ, ಹೊಸ ಬೀಜ ಹಾಕಿ.