ಬ್ಲೇಡ್ ಬದಲಿಸುವ ಮೊದಲು ಗಾಜು ತೊಳೆಯಿರಿ: ಶಿರಸಿ–ಕಾರವಾರ ಓಡಾಟದಲ್ಲಿ ಕಲಿತದ್ದು

ನಮ್ಮ ಜಿಲ್ಲೆಯಲ್ಲಿ ಕಾರಿನ ವೈಪರ್, ಲೈಟು ಓಡಿಸಿ ಹಾಳಾಗುವುದಕ್ಕಿಂತ ನಿಲ್ಲಿಸಿ ಹಾಳಾಗುವುದೇ ಜಾಸ್ತಿ. ನನ್ನ ಮನೆ ಶಿರಸಿ ಕಡೆ, ಅಡಿಕೆ ತೋಟದ ಪಕ್ಕ. ಕೆಲಸ ಕಾರವಾರದಲ್ಲಿ. ವಾರವಿಡೀ ಕಾರು ಕಡಲಿನ ಹತ್ತಿರ ಉಪ್ಪು ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ರಜೆ ಬಂದರೆ ಮನೆ ಅಂಗಳದ ಮಾವಿನ ಮರದಡಿ. ಘಟ್ಟದ ಮೇಲೆ ಅಂಟು, ದರಕು (ಉದುರಿದ ಒಣ ಎಲೆ), ಕೆಂಪು ಧೂಳು. ಘಟ್ಟದ ಕೆಳಗೆ ಉಪ್ಪು. ಎರಡೂ ಕಡೆಯ ಕಾಯಿಲೆ ನನ್ನ ಹಳೆಯ ಸಣ್ಣ ಕಾರಿಗೆ ಅಂಟಿಕೊಂಡಿದೆ. ಹಾಗಾಗಿ ನನ್ನದೊಂದು ಪದ್ಧತಿ: ಬ್ಲೇಡೋ ಬಲ್ಬೋ ಕೈಕೊಟ್ಟರೆ ಅಂಗಡಿಗೆ ಹೋಗುವ ಮೊದಲು ಅದರ ಸುತ್ತಮುತ್ತ ನೋಡುವುದು. ಅರ್ಧಕ್ಕರ್ಧ ತೊಂದರೆ ಅಲ್ಲೇ ಸಿಗುತ್ತದೆ.

ಮೊದಲು ಗಾಜು. ವೈಪರ್ ಕಿರುಗುಟ್ಟಿತು, ನೀರು ಸರಿಯಾಗಿ ಒರೆಸುತ್ತಿಲ್ಲ ಎಂದಾಗ ಎಲ್ಲರೂ ಹೊಸ ಬ್ಲೇಡ್ ಹಾಕಿಸುತ್ತಾರೆ. ಎರಡು ದಿನ ಸರಿ ಇರುತ್ತದೆ, ಮತ್ತೆ ಅದೇ ಹಾಡು. ಅಂಕೋಲಾ–ಕಾರವಾರ ನಡುವೆ ಹೆದ್ದಾರಿ 66ರಲ್ಲಿ ಮೀನು ಲಾರಿಯ ಹಿಂದೆ ಸ್ವಲ್ಪ ಹೊತ್ತು ಹೋದರೆ ಸಾಕು, ಐಸು ಕರಗಿದ ನೀರು ಗಾಜಿಗೆ ಎರಚುತ್ತದೆ. ಅದರಲ್ಲಿ ಮೀನಿನ ಜಿಡ್ಡು. ವೈಪರ್ ಹಾಕಿದರೆ ಗಾಜಿಗೆಲ್ಲ ಹಾಲಿನಂಥ ಪದರ ಬಳಿದ ಹಾಗಾಗುತ್ತದೆ. ಡೀಸೆಲ್ ಹೊಗೆ, ಸರ್ವಿಸ್‌ನವರು ಹಚ್ಚುವ ಪಾಲಿಶ್, ಮಾವಿನ ಮರದಿಂದ ಬೀಳುವ ಅಂಟು, ಇವೂ ಸೇರಿಕೊಳ್ಳುತ್ತವೆ.

ಪರೀಕ್ಷೆ ಸುಲಭ. ತಣ್ಣಗಿರುವ ಗಾಜಿಗೆ ಒಂದು ಚೊಂಬು ನೀರು ಸುರಿಯಿರಿ. ನೀರು ತೆಳ್ಳಗೆ ಹರಡಿಕೊಂಡು ಇಳಿದರೆ ಗಾಜು ಚೊಕ್ಕ. ಹನಿ ಹನಿಯಾಗಿ ಗುಂಪು ಕಟ್ಟಿ ನಿಂತರೆ ಮೇಲೆ ಜಿಡ್ಡಿದೆ. ಮಳೆ ನೀರು ಜಾರಲಿ ಅಂತ ನೀವೇ ಏನಾದರೂ ಹಚ್ಚಿದ್ದರೆ ಬೇರೆ ಮಾತು. ನಾನು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬೆರೆಸಿದ ನೀರಿನಿಂದ ಗಾಜನ್ನು ಉಜ್ಜಿ, ಚೆನ್ನಾಗಿ ನೀರು ಬಿಟ್ಟು, ಆಮೇಲೆ ಬಟ್ಟೆಯಲ್ಲಿ ಒರೆಸುತ್ತೇನೆ. ಬ್ಲೇಡಿನ ರಬ್ಬರನ್ನೂ ಒದ್ದೆ ಬಟ್ಟೆಯಲ್ಲಿ ಉದ್ದಕ್ಕೆ ಎಳೆದು ಒರೆಸಬೇಕು. ಬಟ್ಟೆ ಕರ್ರಗಾಗುತ್ತದೆ. ಕರಿ ಬರುವುದು ನಿಲ್ಲುವವರೆಗೂ ಒರೆಸಿ. ಪೆಟ್ರೋಲ್, ಥಿನ್ನರ್ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ತೋಟದವರಿಗೆ ಇನ್ನೊಂದು ಮಾತು. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ಕಾರನ್ನು ದೂರ ನಿಲ್ಲಿಸಿ. ಆ ಬೋರ್ಡೋ ಔಷಧಿ ಎಂದರೆ ಮೈಲುತುತ್ತ ಮತ್ತು ಸುಣ್ಣ. ಗಾಳಿಗೆ ಹಾರಿ ಬಂದ ತುಂತುರು ಗಾಜಿನ ಮೇಲೆ ಒಣಗಿದರೆ ಸಣ್ಣ ಸಣ್ಣ ಸುಣ್ಣದ ಚುಕ್ಕೆ ಕೂರುತ್ತವೆ. ಬರೀ ಸೋಪಿಗೆ ಅದು ಬಿಡುವುದಿಲ್ಲ. ಬ್ಲೇಡು ಅದರ ಮೇಲೆ ಓಡಾಡಿ ರಬ್ಬರಿನ ಅಂಚು ತುಂಡಾಗುತ್ತದೆ. ವಿನೆಗರ್ ಅಥವಾ ನಿಂಬೆ ಹುಳಿಯಲ್ಲಿ ಬಟ್ಟೆ ಅದ್ದಿ ಸ್ವಲ್ಪ ಹೊತ್ತು ಚುಕ್ಕೆಯ ಮೇಲೆ ಇಟ್ಟರೆ ಸುಣ್ಣ ಕರಗುತ್ತದೆ. ಕೂಡಲೇ ನೀರಿನಲ್ಲಿ ತೊಳೆದುಬಿಡಿ, ಹುಳಿ ಬಣ್ಣದ ಮೇಲೆ, ಅಲ್ಯೂಮಿನಿಯಂ ಮೇಲೆ ಕೂರಬಾರದು.

ಇಷ್ಟಾದ ಮೇಲೂ ವೈಪರ್ ಸರಿಯಾಗದಿದ್ದರೆ ಆಗ ಬ್ಲೇಡ್ ನೋಡಿ. ಅದು ಗಾಜಿನ ಮೇಲೆ ಏನು ಬಿಟ್ಟು ಹೋಗುತ್ತದೆ ಎನ್ನುವುದರಲ್ಲೇ ಉತ್ತರವಿದೆ. ತೆಳ್ಳನೆಯ ಒಂದೆರಡು ಗೆರೆ ಉಳಿದರೆ ಅಂಚು ಹರಿದಿದೆ, ಇಲ್ಲವೇ ಕಸ ಸಿಕ್ಕಿದೆ. ಒಂದು ಕಡೆ ಅಗಲವಾಗಿ ಒರೆಸದೆ ಬಿಟ್ಟರೆ ಆ ಜಾಗದಲ್ಲಿ ಒತ್ತಡ ಸಾಲುತ್ತಿಲ್ಲ, ಬ್ಲೇಡಿನ ಚೌಕಟ್ಟು ಬಾಗಿದೆ ಅಥವಾ ತೋಳಿನ ಸ್ಪ್ರಿಂಗ್ ಸೋತಿದೆ. ಹೋಗುವಾಗ ಸರಿ, ಬರುವಾಗ ಮಾತ್ರ ತಡವರಿಸಿ ಕುಣಿಯುತ್ತದೆ ಎಂದರೆ ರಬ್ಬರ್ ಒಂದೇ ಬದಿಗೆ ಮಲಗಿ ಗಟ್ಟಿಯಾಗಿದೆ. ರಬ್ಬರಿನ ಅಂಚು ಪ್ರತಿ ಸಲ ದಿಕ್ಕು ಬದಲಾದಾಗ ಆ ಕಡೆಯಿಂದ ಈ ಕಡೆಗೆ ಹೊರಳಬೇಕು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಂದೇ ಭಂಗಿಯಲ್ಲಿ ಕೂತ ರಬ್ಬರ್ ಹೊರಳುವುದನ್ನೇ ಮರೆಯುತ್ತದೆ. ತೋಳು ಸ್ವಲ್ಪ ತಿರುಚಿದ್ದರೂ ಹೀಗೇ ಆಗುತ್ತದೆ. ತೋಳು ಗಾಜಿಗೆ ಸಮನಾಗಿ, ಬ್ಲೇಡ್ ನೆಟ್ಟಗೆ ನಿಂತಿದೆಯೇ ಎಂದು ಬದಿಯಿಂದ ಕಣ್ಣಿಟ್ಟು ನೋಡಿ.

ಹೊಸದನ್ನು ನಾನು ಮೇ ಕೊನೆಯಲ್ಲಿ ಹಾಕುತ್ತೇನೆ. ಜನವರಿಯಲ್ಲಿ ಹಾಕಿದರೆ ಮಳೆ ಬರುವಷ್ಟರಲ್ಲಿ ಬಿಸಿಲೇ ತಿಂದಿರುತ್ತದೆ. ಚಾಲಕನ ಕಡೆ ಮತ್ತು ಪಕ್ಕದ ಕಡೆ ಬ್ಲೇಡಿನ ಉದ್ದ ಅನೇಕ ಕಾರುಗಳಲ್ಲಿ ಬೇರೆ ಬೇರೆ, ಇಂಚಿನ ಲೆಕ್ಕ ಕಾರಿನ ಪುಸ್ತಕದಲ್ಲಿರುತ್ತದೆ. ಬ್ಲೇಡ್ ಬಿಚ್ಚುವಾಗ ಒಂದು ಎಚ್ಚರ ಬೇಕೇ ಬೇಕು. ಬ್ಲೇಡಿಲ್ಲದ ಬರೀ ತೋಳು ಸ್ಪ್ರಿಂಗಿನ ಬಲಕ್ಕೆ ಠಪ್ಪನೆ ಗಾಜಿಗೆ ಬಡಿದರೆ ಗಾಜು ಒಡೆಯುತ್ತದೆ. ನಾನು ಗಾಜಿನ ಮೇಲೆ ಒಂದು ಒಳ್ಳೇ ಅಡಿಕೆ ಹಾಳೆ ಹಾಸುತ್ತೇನೆ. ದಪ್ಪ ಇದೆ, ಗೀರುವುದಿಲ್ಲ, ದುಡ್ಡೂ ಬೇಡ.

ಇನ್ನು ಯಾರೂ ನೋಡದ ಜಾಗ. ಬಾನೆಟ್ ಎತ್ತಿದರೆ ಗಾಜಿನ ಬುಡದಲ್ಲಿ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಅದರ ಕೆಳಗೆ ವೈಪರ್ ಮೋಟಾರು, ಎರಡೂ ತೋಳನ್ನು ತಿರುಗಿಸುವ ಸರಳು. ಗಾಜಿನಿಂದ ಇಳಿದ ನೀರು ಅಲ್ಲಿಂದಲೇ ಬದಿಯ ತೂತಿನಲ್ಲಿ ಹೊರಗೆ ಹೋಗಬೇಕು. ಮರದಡಿ ನಿಲ್ಲಿಸುವ ಕಾರಿನಲ್ಲಿ ಅಲ್ಲಿ ದರಕು ತುಂಬಿ, ಕೊಳೆತು, ಗೊಬ್ಬರವೇ ಆಗಿರುತ್ತದೆ. ನೀರು ಹೋಗಲು ದಾರಿಯಿಲ್ಲದೆ ನಿಂತು ಮೋಟಾರಿಗೆ, ಸರಳಿನ ಕೀಲಿಗೆ ತುಕ್ಕು ಹಿಡಿಯುತ್ತದೆ. ಕೆಲವೊಮ್ಮೆ ಕಾರಿನೊಳಗೆ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಜನ ಬಾಗಿಲಿನ ರಬ್ಬರ್ ಬದಲಿಸುತ್ತಾರೆ, ನೀರು ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನಾನು ಎಲೆ ಆರಿಸಿ ತೆಗೆದು, ಒಂದು ಮಗ್ ನೀರು ಹಾಕಿ, ಅದು ಚಕ್ರದ ಹತ್ತಿರ ಇಳಿಯುತ್ತದೆಯೇ ಎಂದು ನೋಡುತ್ತೇನೆ.

ವೈಪರ್ ಸ್ವಿಚ್ಚಿನಿಂದಲೂ ಕೆಲವು ಸಂಗತಿ ತಿಳಿಯುತ್ತದೆ. ನಿಧಾನ, ಜೋರು ಎರಡೂ ಓಡುತ್ತದೆ, ಬಿಟ್ಟು ಬಿಟ್ಟು ಒರೆಸುವುದು ಮಾತ್ರ ಇಲ್ಲ ಎಂದರೆ ಮೋಟಾರು ಚೆನ್ನಾಗಿದೆ, ರಿಲೇ (ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಸಣ್ಣ ಡಬ್ಬಿ) ಅಥವಾ ಸ್ವಿಚ್ ನೋಡಬೇಕು. ಆಫ್ ಮಾಡಿದಾಗ ಕೆಳಗೆ ಬಂದು ಮಲಗದೆ ನಡುಗಾಜಿನಲ್ಲೇ ನಿಂತರೆ ಮೋಟಾರಿನೊಳಗಿನ ಪಾರ್ಕಿಂಗ್ ಸ್ವಿಚ್ ಕೆಟ್ಟಿರಬಹುದು. ಏನೂ ಆಗದಿದ್ದರೆ ಮೊದಲು ಫ್ಯೂಸ್. ಕಾರು ನಿಲ್ಲಿಸುವ ಮೊದಲು ವೈಪರ್ ಆಫ್ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಅದು ಒಣ ಗಾಜಿನ ಮೇಲೆ, ಚಿರೇಕಲ್ಲಿನ ಧೂಳಿನ ಮೇಲೆ ಓಡುತ್ತದೆ. ಆ ಧೂಳು ಗಾಜನ್ನು ಗೀರುತ್ತದೆ. ಮೊದಲು ನೀರು ಚಿಮ್ಮಿಸಿ, ಆಮೇಲೆ ಒರೆಸಿ. ಚಿಮ್ಮುವ ತೂತು ಕಟ್ಟಿದ್ದರೆ ಸಣ್ಣ ಪಿನ್ನು ಸಾಕು. ಟ್ಯಾಂಕಿಗೆ ಬಟ್ಟೆ ಸೋಪಿನ ಪುಡಿ ಹಾಕಬೇಡಿ, ಕಡಲ ಬದಿಯ ಬಾವಿಯ ಉಪ್ಪು ನೀರೂ ಬೇಡ.

ಲೈಟಿನ ವಿಷಯದಲ್ಲಿ ಕಾರವಾರ ನನಗೆ ಕಲಿಸಿದ್ದು ಅರ್ತ್. ಕಾರಿನಲ್ಲಿ ಬಲ್ಬಿಗೆ ಬಂದ ಕರೆಂಟು ವಾಪಸ್ ಬ್ಯಾಟರಿಗೆ ಹೋಗುವುದು ಬಾಡಿಯ ತಗಡಿನ ಮೂಲಕ. ವೈರಿನ ತುದಿಯನ್ನು ತಗಡಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಉಪ್ಪು ಗಾಳಿಗೆ ಆ ಜಾಗ ತುಕ್ಕು ಹಿಡಿದರೆ ಕರೆಂಟಿಗೆ ದಾರಿ ಸಾಲದು. ಆಗ ತಮಾಷೆ ಶುರು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರ ಜೊತೆ ಮಿಟುಕುತ್ತದೆ. ಒಂದು ಬಲ್ಬಿನ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತಿದೆ ಎಂದರ್ಥ. ಇಂಥದ್ದಕ್ಕೆ ಹೊಸ ಬಲ್ಬ್ ಹಾಕಿದರೆ ದುಡ್ಡು ದಂಡ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಬೋಲ್ಟ್ ಸಡಿಲಿಸಿ, ಮರಳು ಕಾಗದದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲಿನಿಂದ ವ್ಯಾಸಲೀನ್ ಬಳಿಯುತ್ತೇನೆ. ಬಲ್ಬಿನ ಹೋಲ್ಡರಿನಲ್ಲಿ ಹಸಿರು ಪುಡಿ ಕಂಡರೆ ಹಳೆಯ ಟೂತ್‌ಬ್ರಶ್ಶು ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ.

ಎಲ್ಲ ದೀಪ ನೋಡಲು ಇನ್ನೊಬ್ಬರು ಬೇಕಿಲ್ಲ. ರಾತ್ರಿ ಕಾರನ್ನು ಗೋಡೆಗೆ ಹಿಂದೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಕೆಂಪು ಕಾಣುತ್ತದೆ. ಇಂಡಿಕೇಟರ್ ಒಂದು ಕಡೆ ಬೇಗ ಬೇಗ ಟಿಕ್ ಟಿಕ್ ಎಂದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ.

ಹೆಡ್‌ಲೈಟಿನಲ್ಲಿ ನನ್ನದು ಎಚ್4 ಹ್ಯಾಲೊಜನ್ ಬಲ್ಬ್, 60/55 ವ್ಯಾಟ್. ಅಂದರೆ ದೂರಕ್ಕೆ ಬೀಳುವ ಅಪ್ಪರಿಗೆ 60, ಹತ್ತಿರ ಬೀಳುವ ಡಿಮ್ಮಿಗೆ 55. ಬದಲಿಸುವಾಗ ಗಾಜನ್ನು ಬೆರಳಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಘಟ್ಟಕ್ಕೆ ಬೆಳಕು ಸಾಲದು ಅಂತ 100/90 ಹಾಕಿಸಿಕೊಳ್ಳುವವರಿದ್ದಾರೆ. 12 ವೋಲ್ಟಿನಲ್ಲಿ 60 ವ್ಯಾಟ್ ಎಂದರೆ 5 ಆಂಪಿಯರ್. 100 ಎಂದರೆ 8ಕ್ಕಿಂತ ಜಾಸ್ತಿ. ಕಂಪನಿಯ ವೈರು, ಹೋಲ್ಡರು ಅಷ್ಟಕ್ಕೆ ಮಾಡಿದ್ದಲ್ಲ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಹ್ಯಾಲೊಜನ್ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ತುರುಕುವುದು ಇನ್ನೂ ಕೆಟ್ಟದ್ದು. ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಕೂತವನಿಗೆ ಬಾನೆಟ್ ಮುಂದೆ ಬಿಳಿ ಬಿಳಿ ಕಂಡು ಖುಷಿ, ದೂರದ ತಿರುವು ಮಾತ್ರ ಕತ್ತಲೆ.

ಬೆಳಕು ಕಡಿಮೆ ಅನಿಸಿದರೆ ಮೊದಲು ಹೊರಗಿನ ಪ್ಲಾಸ್ಟಿಕ್ ಮುಚ್ಚಳ ನೋಡಿ. ಬಿಸಿಲಿಗೆ ಅದು ಹಳದಿ ಮಬ್ಬಾಗಿರುತ್ತದೆ. ಸುತ್ತ ಟೇಪ್ ಅಂಟಿಸಿ, ನೀರು ಹಾಕುತ್ತ 1000, 1500, 2000 ನಂಬರಿನ ಮರಳು ಕಾಗದದಲ್ಲಿ ಸಾಲಾಗಿ ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಇಷ್ಟಕ್ಕೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಏಕೆಂದರೆ ಬಿಸಿಲು ತಡೆಯುವ ಪದರವನ್ನೂ ನಾವೇ ಉಜ್ಜಿ ತೆಗೆದಿರುತ್ತೇವೆ. ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಟೂತ್‌ಪೇಸ್ಟ್ ಹಚ್ಚುವುದು ಮದುವೆ ಮನೆಗೆ ಹೋಗುವ ದಿನಕ್ಕೆ ಸರಿ. ಒಳಗೆ ತೆಳ್ಳಗೆ ಬೆವರಿದ ಹಾಗೆ ಕಂಡು, ಲೈಟ್ ಹಾಕಿದ ಮೇಲೆ ಹೋದರೆ ಚಿಂತೆಯಿಲ್ಲ. ನೀರು ತಳದಲ್ಲಿ ನಿಂತಿದ್ದರೆ ಹಿಂದಿನ ರಬ್ಬರ್ ಮುಚ್ಚಳ ಸರಿ ಕೂತಿಲ್ಲ, ಇಲ್ಲವೇ ಬಿರುಕು ಬಿಟ್ಟಿದೆ.

ಬೀಮ್ ಎತ್ತರವನ್ನು ಗೋಡೆಯ ಮೇಲೆ ನೋಡಬಹುದು. ಸಮತಟ್ಟು ಜಾಗದಲ್ಲಿ ಗೋಡೆಗೆ ಹತ್ತಿರ ನಿಲ್ಲಿಸಿ ದೀಪದ ನಡುಮಟ್ಟಕ್ಕೆ ಗುರುತು ಹಾಕಿ, 10 ಮೀಟರ್ ಹಿಂದಕ್ಕೆ ಬನ್ನಿ. ಡಿಮ್ಮಿನ ಮೇಲಂಚು ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಸ್ವಲ್ಪ ಮೇಲೇರಿರುತ್ತದೆ, ರಸ್ತೆಯ ಅಂಚು ಕಾಣಲಿ ಅಂತ. ಡಿಕ್ಕಿಯಲ್ಲಿ ಅಡಿಕೆ ಚೀಲ ಹೇರಿದರೆ ಹಿಂಭಾಗ ಕೂತು ಮೂತಿ ಮೇಲೇಳುತ್ತದೆ. ಅದಕ್ಕೆಂದೇ ಸ್ಟೇರಿಂಗ್ ಹತ್ತಿರ 0, 1, 2, 3 ಎಂದು ಚಕ್ರ ಇರುತ್ತದೆ. ನಂಬರ್ ಏರಿಸಿದಷ್ಟೂ ಬೀಮ್ ಇಳಿಯುತ್ತದೆ. ಎಷ್ಟೋ ಜನ ಅದನ್ನು ಮುಟ್ಟಿಯೇ ಇಲ್ಲ, ಅಲ್ವಾ?

ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ಅಪ್ಪರ್ ಹಾಕಿದರೆ ಎದುರಿಗೆ ಬಿಳಿ ಪರದೆ ಮಾತ್ರ ಕಾಣುತ್ತದೆ, ನೀರಿನ ಕಣಕ್ಕೆ ತಾಗಿದ ಬೆಳಕು ನಮ್ಮ ಕಣ್ಣಿಗೇ ವಾಪಸ್. ಡಿಮ್ ಮತ್ತು ಕೆಳಗಿನ ಫಾಗ್ ಲೈಟ್ ಸಾಕು. ಹೊಸ ಕಾರಿನವರು ಮುಂದಿನ ಡಿಆರ್‌ಎಲ್ (ಹಗಲಲ್ಲೂ ತಾನೇ ಉರಿಯುವ ದೀಪ) ಉರಿಯುತ್ತಿದೆ ಅಂತ ಸುಮ್ನೆ ಇರುತ್ತಾರೆ. ಬಹಳಷ್ಟು ಕಾರುಗಳಲ್ಲಿ ಅಷ್ಟಕ್ಕೆ ಹಿಂದಿನ ಕೆಂಪು ದೀಪ ಹತ್ತುವುದೇ ಇಲ್ಲ. ಜಡಿಮಳೆಯಲ್ಲಿ ಬಸ್ಸಿನವನಿಗೆ ನೀವು ಕಾಣುವುದಿಲ್ಲ. ಹೆಡ್‌ಲೈಟ್ ಸ್ವಿಚ್ಚನ್ನೇ ತಿರುಗಿಸಿ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡಿಸುವ ಚಟವಂತೂ ನನಗೆ ಆಗದು. ತಿರುಗುವವನು ಯಾರು, ನಿಂತವನು ಯಾರು ಎಂದು ಹಿಂದಿನವನಿಗೆ ತಿಳಿಯುವುದು ಹೇಗೆ? ಕಿರಿದಾದ ಕಡೆ ಹತ್ತುವ ಗಾಡಿಗೆ ದಾರಿ ಬಿಡಬೇಕು, ಅದು ನಿಯಮವೇ. ಬಿಟ್ಟು ನಿಂತಾಗ ಡಿಮ್ ಮಾಡಿಕೊಳ್ಳಿ.

ವೈಪರ್ ಜೋರಿನಲ್ಲಿಟ್ಟರೂ ಏನೂ ಕಾಣದಷ್ಟು ಮಳೆ ಬಂದರೆ ನಿಲ್ಲಿಸುವುದೇ ಸರಿ, ಆದರೆ ಗುಡ್ಡ ಕಡಿದ ಜಾಗದ ಬುಡದಲ್ಲಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದಿತ್ತು. ಊರು, ಪೇಟೆ, ಪೆಟ್ರೋಲ್ ಬಂಕ್ ಸಿಗುವವರೆಗೆ ನಿಧಾನ ಹೋಗಿ, ಅಲ್ಲಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಆ ನಾಲ್ಕು ದೀಪ ಬೇಕಾಗುವುದು ಆಗ.

ಡಿಕ್ಕಿಯಲ್ಲಿ ನಾನು ಇಡುವುದು ಒಂದು ಜೊತೆ ಬಲ್ಬ್, ನಾಲ್ಕಾರು ಫ್ಯೂಸ್, ಒಂದು ಬಾಟಲಿ ಸೋಪಿನ ನೀರು, ಚೊಕ್ಕ ಬಟ್ಟೆ. ವೈಪರ್ ಮೋಟಾರು ಬಿಚ್ಚುವುದು, ಪೂರ್ತಿ ಎಲ್‌ಇಡಿಯದೇ ಆದ ಹೆಡ್‌ಲೈಟ್, ಗಾಜಿನಲ್ಲಿ ಕ್ಯಾಮೆರಾ ಇರುವ ಹೊಸ ಕಾರುಗಳು, ಇವನ್ನು ಮೆಕ್ಯಾನಿಕ್‌ಗೇ ಬಿಡುತ್ತೇನೆ. ಅವನ ಬಳಿ ಹೋಗುವಾಗಲೂ ಅರ್ತ್ ಉಜ್ಜಿ ನೋಡಿದ್ದೇನೆ, ಫ್ಯೂಸ್ ನೋಡಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬಿಲ್ಲು ಸಣ್ಣದಾಗುತ್ತದೆ.